ಮೆಟಲ್ ಡಿಟೆಕ್ಟರ್ ಬೀಪ್ ಅಂದಮೇಲೆ ಏನು?

ಮೈಸೂರಿನಿಂದ ಮಾತಾಡ್ತಿದೀನಿ. ಇಯರ್‌ಫೋನ್ ಹಾಕ್ಕೊಂಡ್ರಾ? ಶುರು ಮಾಡೋಣ.

ಈ ರೀಲ್ಸ್ ನಿಮ್ಮ ಫೋನಿಗೂ ಬಂದಿರುತ್ತೆ. ಇಂಗ್ಲೆಂಡಿನ ಯಾವುದೋ ಹೊಲ, ಒಬ್ಬ ಮನುಷ್ಯ, ಕೈಯಲ್ಲಿ ಕೋಲಿನಂಥ ಮೆಷಿನ್. ಬೀಪ್ ಅನ್ನುತ್ತೆ, ಅಗೀತಾನೆ, ಮಣ್ಣಿನಿಂದ ಚಿನ್ನದ ನಾಣ್ಯ ಬರುತ್ತೆ. ಅದನ್ನ ಫ್ರೆಂಡ್ಸ್ ಗ್ರೂಪಿಗೆ ಹಾಕಿದ್ರೆ ಸಾಕು, ಯಾರಾದರೊಬ್ಬರು ಕೇಳೇ ಕೇಳ್ತಾರೆ: "ಗುರು, ಶ್ರೀರಂಗಪಟ್ಟಣದಲ್ಲಿ ಟ್ರೈ ಮಾಡಿದ್ರೆ ಹೆಂಗೆ?"

ಇವತ್ತಿನ ಮಾತು ಅದರ ಬಗ್ಗೆನೇ.

ಮೊದಲು ಮೆಷಿನ್. ಕೆಳಗಿನ ದುಂಡನೆ ಭಾಗದಲ್ಲಿ ತಂತಿಯ ಸುರುಳಿ ಇರುತ್ತೆ. ಕರೆಂಟ್ ಹರಿದಾಗ ಅದು ನೆಲದೊಳಗೆ ಕಾಂತಕ್ಷೇತ್ರ ಉಂಟುಮಾಡುತ್ತೆ. ಅಲ್ಲಿ ಲೋಹ ಇದ್ದರೆ ಕ್ಷೇತ್ರ ಸ್ವಲ್ಪ ಕದಡುತ್ತೆ, ಮೆಷಿನ್ ಕೂಗುತ್ತೆ. ಅಷ್ಟೇ ಅದರ ಕೆಲಸ. ಸೋಡಾ ಬಾಟಲಿ ಮುಚ್ಚಳ ಯಾವುದು, ಟಿಪ್ಪು ಕಾಲದ ಆನೆ ಚಿತ್ರದ ತಾಮ್ರದ ಪೈಸೆ ಯಾವುದು ಅಂತ ಅದಕ್ಕೆ ಖಚಿತವಾಗಿ ಗೊತ್ತಾಗಲ್ಲ. ಗೊತ್ತಾಗಬೇಕಾದ್ರೆ ನೀವು ಅಗೀಬೇಕು. ತೊಂದರೆ ಶುರುವಾಗೋದು ಅಲ್ಲೇ.

ದರಿಯಾ ದೌಲತ್, ಗುಂಬಜ್, ಕರ್ನಲ್ ಬೈಲಿ ಸೆರೆಮನೆ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. 1958ರ ಕಾಯ್ದೆ ಪ್ರಕಾರ ಸಂರಕ್ಷಿತ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯೋ ಹಾಗಿಲ್ಲ. "ಸರಿ, ನಮ್ಮ ತಾತನ ಹೊಲದಲ್ಲಿ ಹುಡುಕ್ತೀನಿ" ಅಂತೀರಾ? ಅಲ್ಲೂ ಸಿಕ್ಕಿದ್ದೆಲ್ಲ ಸೀದಾ ಜೇಬಿಗಲ್ಲ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯಲ್ಲಿ ಮಣ್ಣಲ್ಲಿ ಸಿಕ್ಕಿದ ಮಾಲಿಗೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆ ಇದ್ದರೆ ಕಲೆಕ್ಟರಿಗೆ ಬರೆದು ತಿಳಿಸಬೇಕಿತ್ತು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ನಮ್ಮ ರಾಜ್ಯಕ್ಕೆ 1962ರದ್ದೇ ಬೇರೆ ನಿಧಿ ಕಾಯ್ದೆ ಇದೆ. ಅದರಲ್ಲೂ ಮೊದಲ ಹೆಜ್ಜೆ ಒಂದೇ, ಜಿಲ್ಲಾಧಿಕಾರಿಗೆ ತಿಳಿಸೋದು.

ಇಂಗ್ಲೆಂಡಲ್ಲಿ ಮಾತ್ರ ಫ್ರೀ ಅಂದುಕೋಬೇಡಿ. ಅಲ್ಲಿ 1996ರ ಕಾಯ್ದೆ ಇದೆ, ನಿಧಿ ಸಿಕ್ಕಿದರೆ 14 ದಿನದೊಳಗೆ ಹೇಳಬೇಕು. 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಹೊಲದಲ್ಲಿ ಡಿಟೆಕ್ಟರ್ ಹಿಡಿದವರೊಬ್ಬರಿಗೆ ಚಿನ್ನದ ರಾಶಿಯೇ ಸಿಕ್ಕಿತು. ಬೆಲೆ ಕಟ್ಟಿದ್ದು 32 ಲಕ್ಷ ಪೌಂಡಿಗೂ ಹೆಚ್ಚು. ಆ ದುಡ್ಡು ಹುಡುಕಿದವರಿಗೂ ಹೊಲದವರಿಗೂ ಬಂತು, ಚಿನ್ನ ಮ್ಯೂಸಿಯಂಗೆ ಹೋಯ್ತು. ರೀಲ್ಸ್‌ನಲ್ಲಿ ಬೀಪ್ ಇರುತ್ತೆ, ಈ ಪೇಪರ್ ವರ್ಕ್ ಇರಲ್ಲ.

ಆದ್ರೆ ಬರೀ ಜೈಲಿನ ಭಯ ಹುಟ್ಟಿಸೋಕೆ ನಾನು ಮೈಕ್ ಮುಂದೆ ಕೂತಿಲ್ಲ. ಅದಕ್ಕಿಂತ ದೊಡ್ಡ ವಿಷಯ ಇದೆ.

ನಾನು ಬಿಕಾಂ ಓದಿದವನು. ಅಕೌಂಟ್ಸಲ್ಲಿ ಮೊದಲು ಕಲಿಸೋದೇ, ವೋಚರ್ ಇಲ್ಲದೆ ಎಂಟ್ರಿ ಇಲ್ಲ ಅಂತ. ಮಣ್ಣಿನ ನಾಣ್ಯಕ್ಕೆ ಆ ಮಣ್ಣೇ ವೋಚರ್. ಚಿತ್ರದುರ್ಗದ ಚಂದ್ರವಳ್ಳಿ ನೋಡಿ. 1929ರಲ್ಲಿ ನಮ್ಮ ಮೈಸೂರಿನ ಎಂ.ಎಚ್. ಕೃಷ್ಣ ಅಲ್ಲಿ ಉತ್ಖನನ ಮಾಡಿಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಅಲ್ಲಿ ಶಾತವಾಹನರ ನಾಣ್ಯ ಸಿಕ್ಕಿತು, ಜೊತೆಗೆ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿತು. ಯಾವ ಪದರದಲ್ಲಿ ಯಾವ ಮಡಕೆ ಚೂರಿನ ಜೊತೆ ನಾಣ್ಯ ಇತ್ತು ಅಂತ ಬರೆದಿಟ್ಟಿದ್ದಕ್ಕೇ ಆ ಮಡಕೆಗಳ ಕಾಲ ಲೆಕ್ಕ ಹಾಕೋಕಾಯ್ತು. ಅದೇ ನಾಣ್ಯ ಯಾರೋ ಕಿತ್ತು ಮಾರಿದ್ರೆ? ಒಂದಷ್ಟು ಬೆಳ್ಳಿ, ಅಷ್ಟೇ.

ಇನ್ನೊಂದು ಕಥೆ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಬಿದನೂರು ನಗರ ಕೆಳದಿ ನಾಯಕರ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದುಕೊಂಡ. 2002ರಲ್ಲಿ ಅಲ್ಲಿ ಒಂದಷ್ಟು ತುಕ್ಕು ಹಿಡಿದ ಕಬ್ಬಿಣದ ಕೊಳವೆ ಸಿಕ್ಕಿದವು. ಅವು ಮೈಸೂರು ರಾಕೆಟ್ ಅಂತ ಗೊತ್ತಾಗಿದ್ದು ಆಮೇಲೆ. 2018ರಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಅಲ್ಲಿನ ಪಾಳುಬಾವಿ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಬಂದವು. ಬ್ರಿಟಿಷರು ಇಲ್ಲಿಂದ ಒಯ್ದ ಇಂಥ ರಾಕೆಟ್ ನೋಡಿಯೇ ಲಂಡನ್ನಿನಲ್ಲಿ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು. ಈಗ ತಮಾಷೆ ಕೇಳಿ. ಡಿಟೆಕ್ಟರ್‌ನಲ್ಲಿ ಕಬ್ಬಿಣ ಬೇಡ ಅಂತ ಒಂದು ಸೆಟಿಂಗ್ ಇರುತ್ತೆ, ಮೊಳೆ ತಗಡು ಕಾಟ ಕೊಡದಿರಲಿ ಅಂತ. ಚಿನ್ನ ಹುಡುಕೋನು ಆ ಸೆಟಿಂಗ್ ಹಾಕ್ಕೊಂಡು ಇಂಥ ರಾಕೆಟ್ ಮೇಲೇ ನಡೆದು ಹೋಗ್ತಾನೆ. ಬೀಪ್ ಬಂದರೂ ಗುಜರಿಗೆ ಹಾಕ್ತಾನೆ.

ಹಾಗಾದ್ರೆ ಮನೆ ಪಾಯ ತೆಗೆಯುವಾಗಲೋ ಉಳುವಾಗಲೋ ಅಕಸ್ಮಾತ್ ಏನಾದ್ರೂ ಸಿಕ್ಕಿದ್ರೆ? ಅಗೆಯೋದು ನಿಲ್ಲಿಸಿ. ಇದ್ದ ಜಾಗದಲ್ಲೇ ಫೋಟೋ ತೆಗೀರಿ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಡಿ. ಲೊಕೇಶನ್ ಸೇವ್ ಮಾಡಿ, ಎಷ್ಟು ಆಳ ಅಂತ ಬರ್ಕೊಳ್ಳಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ದೇವರ ದೀಪ ಅಲ್ಲ ಅದು. ಪಾಚಿ ಜೊತೆ ಅಕ್ಷರಾನೂ ಹೋಗಿಬಿಡುತ್ತೆ. ಆಮೇಲೆ ಜಿಲ್ಲಾಧಿಕಾರಿ ಕಚೇರಿಗೆ ಬರೆದು ಕೊಡಿ, ಸ್ವೀಕೃತಿ ಇಸ್ಕೊಳ್ಳಿ. ರಾಜ್ಯ ಪುರಾತತ್ವ ಇಲಾಖೆಯ ಕಚೇರಿ ಇರೋದೂ ನಮ್ಮ ಮೈಸೂರಲ್ಲೇ.

ಮೆಷಿನ್ ಈಗಾಗಲೇ ತಗೊಂಡಿದೀರಾ? ಬಿಸಾಕಬೇಡಿ. ನಾಟಿ ಮಾಡುವಾಗ ಗದ್ದೆಯಲ್ಲಿ ಓಲೆ ಕಳ್ಕೊಂಡ ಅತ್ತೆ, ಸೈಟಲ್ಲಿ ಉಂಗುರ ಬೀಳಿಸ್ಕೊಂಡ ಅಣ್ಣ, ಎಲ್ಲ ಊರಲ್ಲೂ ಇದ್ದಾರೆ. ಜಾಗದವರನ್ನ ಕೇಳಿ ಹುಡುಕಿಕೊಡಿ. ಆ ಒಡವೆ ಯಾರದ್ದು ಅಂತ ಎಲ್ಲರಿಗೂ ಗೊತ್ತು. ಮಣ್ಣೊಳಗಿನ ಹಳೇ ನಾಣ್ಯ ಯಾರದ್ದು ಅಂತ ಹೇಳೋಕೆ ಇರೋದು ಆ ಮಣ್ಣೊಂದೇ, ಅದನ್ನ ಕದಡಬೇಡಿ.

ಈ ಎಪಿಸೋಡನ್ನ ಡಿಟೆಕ್ಟರ್ ಆರ್ಡರ್ ಮಾಡೋಕೆ ಹೊರಟಿರೋ ಫ್ರೆಂಡಿಗೆ ಕಳಿಸಿ. ಮುಂದಿನ ವಾರ ಸಿಗೋಣ.