ನೋಡಿ ಕಲಿತದ್ದು

‘ನೋಡಿ ಕಲಿ, ಮಾಡಿ ತಿಳಿ’ ಎಂಬ ಗಾದೆಯನ್ನು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಅದರಲ್ಲಿ ಎರಡು ಬೇರೆ ಬೇರೆ ಮಾತುಗಳಿವೆಯೆಂಬುದು ನಮ್ಮ ಗಮನಕ್ಕೆ ಬರುವುದು ಕಡಮೆ. ಬೆಳಗಿನವರೆಗೆ ಬಯಲಾಟ ನೋಡಿದ ಹುಡುಗ ಮರುದಿನ ಅಂಗಳದಲ್ಲಿ ಕುಣಿಯುತ್ತಾನೆ. ಅವನ ಪಕ್ಕದಲ್ಲಿಯೇ ಕುಳಿತು ನೋಡಿದ ಅಜ್ಜಿ ಕುಣಿಯುವುದಿಲ್ಲ. ಆದರೆ ಭಾಗವತರ ತಾಳ ಎಲ್ಲಿಯಾದರೂ ತಪ್ಪಿದರೆ ಮೊದಲು ಗೊತ್ತಾಗುವುದು ಆಕೆಗೇ. ಕಲಿತವರು ಇಬ್ಬರೂ ಹೌದು. ಕಲಿತದ್ದು ಹೊರಗೆ ಕಂಡದ್ದು ಮಾತ್ರ ಒಬ್ಬನಲ್ಲಿ. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಇರುವ ಈ ತೆರಪಿನ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಲ್ಲಿ ಬಲವಾಗಿ ಬೇರೂರಿದ್ದ ಮತ ಬೇರೆಯಾಗಿತ್ತು. ಪ್ರಾಣಿಯಾಗಲಿ ಮನುಷ್ಯನಾಗಲಿ ತಾನು ಮಾಡಿದ್ದರ ಫಲವನ್ನು ತಾನೇ ಉಂಡು ಕಲಿಯುವುದು ಎಂದು ಅವರು ನಂಬಿದ್ದರು. ಪಂಜರದ ಇಲಿ ಹಿಡಿಯನ್ನು ಒತ್ತಿತು, ಆಹಾರ ಬಿತ್ತು. ಆದ್ದರಿಂದ ಮತ್ತೆ ಒತ್ತಿತು. ಇದು ಸುಳ್ಳಲ್ಲ. ಆದರೆ ಬಾವಿಯ ಆಳವನ್ನು ಪ್ರತಿಯೊಂದು ಮಗುವೂ ಬಿದ್ದೇ ತಿಳಿಯಬೇಕಾಗಿದ್ದರೆ ಊರುಗಳು ಉಳಿಯುತ್ತಿರಲಿಲ್ಲವಷ್ಟೆ.

ಈ ಕೊರತೆಯನ್ನು ಎತ್ತಿ ತೋರಿಸಿದವರಲ್ಲಿ ಮುಖ್ಯರು ಆಲ್ಬರ್ಟ್ ಬಂಡೂರ. ಕೆನಡಾದಲ್ಲಿ 1925ರಲ್ಲಿ ಹುಟ್ಟಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದು, 2021ರಲ್ಲಿ ತೀರಿಕೊಂಡರು. 1961ರಲ್ಲಿ ಅವರೂ ಅವರ ಇಬ್ಬರು ಸಹೋದ್ಯೋಗಿಗಳೂ ಪ್ರಕಟಿಸಿದ ಪ್ರಯೋಗವನ್ನು ಕೇಳುಗರಲ್ಲಿ ಕೆಲವರು ಬಲ್ಲಿರಿ. ಶಿಶುವಿಹಾರದ 72 ಮಕ್ಕಳು. ಗಾಳಿ ತುಂಬಿದ ಒಂದು ದೊಡ್ಡ ಗೊಂಬೆ. ಬುಡದಲ್ಲಿ ಭಾರವಿರುವುದರಿಂದ ಕೆಡವಿದರೆ ಮತ್ತೆ ಎದ್ದು ನಿಲ್ಲುವಂಥದು, ನಮ್ಮ ತಂಜಾವೂರು ಗೊಂಬೆಯ ಜಾತಿಯದು. ಕೆಲವು ಮಕ್ಕಳ ಎದುರಿಗೆ ದೊಡ್ಡವರೊಬ್ಬರು ಆ ಗೊಂಬೆಯನ್ನು ಗುದ್ದಿದರು, ಒದ್ದರು, ಕೊಡತಿಯಿಂದ ಹೊಡೆದರು. ಆ ಬಳಿಕ ಮಕ್ಕಳನ್ನು ಗೊಂಬೆಯ ಹತ್ತಿರ ಬಿಟ್ಟಾಗ, ಹಾಗೆ ನೋಡಿದವರಲ್ಲಿ ಅನೇಕರು ಅದನ್ನೇ ಮಾಡಿದರು. ಬಳಸಿದ ಮಾತುಗಳು ಕೂಡ ಅವೇ.

ಹೆಚ್ಚು ಪ್ರಸಿದ್ಧವಾದದ್ದು ಈ ಪ್ರಯೋಗ. ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಅವರು 1965ರಲ್ಲಿ ಪ್ರಕಟಿಸಿದ ಇನ್ನೊಂದು. ಈ ಬಾರಿ 66 ಮಕ್ಕಳಿಗೆ ಗೊಂಬೆಯನ್ನು ಹೊಡೆಯುವವನ ಕಿರುಚಿತ್ರವನ್ನು ತೋರಿಸಿದರು. ಚಿತ್ರ ಮೂರು ಬಗೆಯಾಗಿ ಮುಗಿಯುತ್ತಿತ್ತು. ಒಂದರಲ್ಲಿ ಹೊಡೆದವನಿಗೆ ತಿಂಡಿ, ಪಾನೀಯ, ಹೊಗಳಿಕೆ. ಇನ್ನೊಂದರಲ್ಲಿ ಬೈಗುಳ, ಜೊತೆಗೆ ಸುರುಳಿ ಸುತ್ತಿದ ಪತ್ರಿಕೆಯಿಂದ ಏಟು. ಮೂರನೆಯದರಲ್ಲಿ ಏನೂ ಇಲ್ಲ. ದಂಡನೆಯನ್ನು ಕಂಡ ಮಕ್ಕಳು ಆಟದ ಕೋಣೆಯಲ್ಲಿ ಉಳಿದವರಿಗಿಂತ ಕಡಮೆ ಅನುಕರಿಸಿದರು. ಹುಡುಗಿಯರಂತೂ ಇನ್ನೂ ಕಡಮೆ. ಇಲ್ಲಿಗೇ ಪ್ರಯೋಗವನ್ನು ನಿಲ್ಲಿಸಿದ್ದರೆ ಶಿಕ್ಷೆಯ ಭಯವೇ ಸದ್ಗುಣದ ಬೇರೆಂದು ಹೇಳುವವರಿಗೆ ತುಂಬ ಸಂತೋಷವಾಗುತ್ತಿತ್ತು. ಬಂಡೂರ ಅಲ್ಲಿಗೆ ನಿಲ್ಲಿಸಲಿಲ್ಲ. ‘ನೀನು ಕಂಡದ್ದನ್ನು ಮಾಡಿ ತೋರಿಸು, ಹಣ್ಣಿನ ರಸವನ್ನೂ ಅಂಟಿಸುವ ಚಿತ್ರಗಳನ್ನೂ ಕೊಡುತ್ತೇವೆ’ ಎಂದು ಮಕ್ಕಳಿಗೆ ಆಸೆ ತೋರಿಸಿದರು. ಆಗ ಮೂರು ಗುಂಪಿನವರೂ ಸರಿಸಮನಾಗಿ ಮಾಡಿ ತೋರಿಸಿದರು! ಹುಡುಗ ಹುಡುಗಿಯರ ನಡುವಣ ಅಂತರವೂ ಬಹುಮಟ್ಟಿಗೆ ಅಳಿಸಿಹೋಯಿತು.

ದಂಡನೆ ಕಲಿತದ್ದನ್ನು ಅಳಿಸಿರಲಿಲ್ಲ. ಒಳಗೆ ಬಚ್ಚಿಟ್ಟಿತ್ತು, ಅಷ್ಟೆ. ಗದರಿಸಿದೊಡನೆ ಮಗು ಸುಮ್ಮನಾಯಿತೆಂದು ನೆಮ್ಮದಿಪಡುವ ತಂದೆತಾಯಿಗಳೂ ಉಪಾಧ್ಯಾಯರೂ ಈ ಸಂಗತಿಯನ್ನು ಎದುರಿಸಲೇಬೇಕಾಗುತ್ತದೆ. ಆ ಚಿತ್ರದಲ್ಲಿ ಪತ್ರಿಕೆಯಿಂದ ಹೊಡೆದವನೂ ಒಬ್ಬ ಮಾದರಿಯೇ ಅಲ್ಲವೆ? ಓಣಿಯ ಮಕ್ಕಳು ಶಾಲೆಯಾಟ ಆಡುವುದನ್ನು ನಾನು ಎಷ್ಟೋ ಸಲ ಕುತೂಹಲದಿಂದ ನೋಡಿದ್ದೇನೆ. ಮೇಷ್ಟ್ರ ವೇಷ ಸಿಕ್ಕ ಹುಡುಗ ಮೊದಲು ಹುಡುಕುವುದು ಪುಸ್ತಕವನ್ನಲ್ಲ, ಕೋಲನ್ನು. ಅದನ್ನು ಅವನಿಗೆ ಯಾರೂ ಪಾಠವಾಗಿ ಹೇಳಿಕೊಟ್ಟಿಲ್ಲ.

ಗೊಂಬೆ ಮನುಷ್ಯನಲ್ಲ, ಅದು ಇರುವುದೇ ಗುದ್ದಿಸಿಕೊಳ್ಳಲು ಎಂದು ಆಕ್ಷೇಪಿಸಿದವರಿದ್ದಾರೆ. ಆಕ್ಷೇಪಣೆ ನ್ಯಾಯವಾದದ್ದೇ. ಗೊಂಬೆಯನ್ನು ಗುದ್ದಿದ ಮಗು ನಾಳೆ ತಮ್ಮನನ್ನು ಗುದ್ದುತ್ತದೆಯೆಂದು ಅದರಿಂದ ಸಿದ್ಧವಾಗುವುದಿಲ್ಲ. ಆದರೆ ಕಣ್ಣು ಕಲಿಯುತ್ತದೆ, ಕೈ ಸಮಯ ಕಾಯುತ್ತದೆ ಎಂಬಷ್ಟಕ್ಕೆ ಆ ಆಕ್ಷೇಪಣೆಯಿಂದ ಬಾಧೆಯಿಲ್ಲ.

ಹಾಗಾದರೆ ಒಳ್ಳೆಯ ಮಾದರಿಗಳನ್ನು ತೋರಿಸಿ ಜನರನ್ನು ತಿದ್ದಬಹುದಲ್ಲ? ಮೆಕ್ಸಿಕೋದ ಮಿಗೆಲ್ ಸಬೀದೋ ಎಂಬವರು ಹೀಗೆಯೇ ಯೋಚಿಸಿ, ಬಂಡೂರರ ವಿಚಾರಗಳನ್ನು ಆಧರಿಸಿ 1970ರ ದಶಕದಲ್ಲಿ ಟೆಲಿವಿಷನ್ ಧಾರಾವಾಹಿಗಳನ್ನು ರೂಪಿಸಿದರು. ವಯಸ್ಕರ ಶಿಕ್ಷಣ, ಕುಟುಂಬ ಯೋಜನೆ ಮೊದಲಾದವುಗಳೇ ಅವುಗಳ ವಸ್ತು. ಆ ಮಾದರಿಯನ್ನು ಅನುಸರಿಸಿಯೇ ನಮ್ಮ ದೂರದರ್ಶನದಲ್ಲಿ 1984ರ ಜುಲೈ ತಿಂಗಳಲ್ಲಿ ‘ಹಮ್ ಲೋಗ್’ ಆರಂಭವಾಯಿತು. 1985ರ ಡಿಸೆಂಬರಿನವರೆಗೆ ನೂರೈವತ್ತಕ್ಕೂ ಹೆಚ್ಚು ಕಂತುಗಳು. ಬರೆದವರು ಹಿಂದಿಯ ಪ್ರಸಿದ್ಧ ಲೇಖಕ ಮನೋಹರ ಶ್ಯಾಮ ಜೋಶಿ.

ಅದರಲ್ಲಿ ಭಾಗವಂತಿ ಎಂಬೊಬ್ಬ ತಾಯಿ. ಕುಡುಕ ಗಂಡನ ಮಾತನ್ನೂ ಅತ್ತೆಯ ಮೂದಲೆಯನ್ನೂ ನುಂಗಿಕೊಂಡು ಸಂಸಾರ ಸಾಗಿಸುವವಳು. ಹೆಣ್ಣು ಹೀಗೆ ಬಾಳಬಾರದೆಂದು ತೋರಿಸಲೆಂದೇ ಆ ಪಾತ್ರವನ್ನು ನಿಲ್ಲಿಸಿದ್ದರು. ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ಕಥೆಯ ತಾತ್ಪರ್ಯವನ್ನು ಸಾವಕಾಶವಾಗಿ ಬಿಡಿಸಿ ಹೇಳುತ್ತಿದ್ದರು. ರಾಶಿ ರಾಶಿ ಪತ್ರಗಳು ಬಂದವು. ಸಂಶೋಧಕರು ನೋಡುಗರನ್ನು ವಿಚಾರಿಸಿದಾಗ ತಿಳಿದುಬಂದದ್ದು, ಅನೇಕರು ಅನುಕರಣೀಯಳೆಂದು ಮೆಚ್ಚಿಕೊಂಡದ್ದು ಆ ಭಾಗವಂತಿಯನ್ನೇ ಎಂದು. ಆಕೆಯ ತಾಳ್ಮೆ ಅವರಿಗೆ ಆದರ್ಶವಾಗಿ ಕಂಡಿತ್ತು. ಅವರೇನೂ ಕಥೆಯನ್ನು ಅಜಾಗರೂಕತೆಯಿಂದ ನೋಡಿದವರಲ್ಲ. ಟೆಲಿವಿಷನ್ ಮನೆಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಅವರು ತಮ್ಮ ಅಡುಗೆಮನೆಗಳಲ್ಲಿ, ತಮ್ಮ ತಾಯಂದಿರಲ್ಲಿ, ಆ ಭಾಗವಂತಿಯನ್ನು ನೋಡುತ್ತಲೇ ಬಂದಿದ್ದರು.