ಹಿಮದ ಮೇಲೆ ಎಳೆಯುವ ಗಾಳಿಪಟ: ಮೊದಲನೇದು ಯಾವುದು ತಗೋಬೇಕು?

ನಾಗಪುರದಿಂದ ಮಾತಾಡ್ತಿದ್ದೀನಿ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಊರಲ್ಲಿ ಕೂತು ಸ್ನೋಕೈಟಿಂಗ್ ಬಗ್ಗೆ ಮಾತಾಡೋದು ಸ್ವಲ್ಪ ತಮಾಷೆ ಅನ್ನಿಸಬಹುದು. ಆದರೆ ಮಿನೆಸೋಟ, ಯೂಟಾ, ನಾರ್ವೆ ಕಡೆ ಇರುವ ನಮ್ಮ ಹುಡುಗರು, ಹುಡುಗಿಯರು ಕೇಳುವ ಪ್ರಶ್ನೆ ಒಂದೇ: "ಮೊದಲನೇ ಫಾಯಿಲ್ ಕೈಟ್ ಯಾವುದು ತಗೊಳ್ಳಲಿ?" ಆನ್‌ಸೈಟ್ ಅಂತ ಎರಡು ಚಳಿಗಾಲ ಮಿನೆಸೋಟದಲ್ಲಿದ್ದೆ. ಹೆಪ್ಪುಗಟ್ಟಿದ ಮಿಲ್ಲೆ ಲ್ಯಾಕ್ಸ್ ಸರೋವರದ ಮೇಲೆ ಕಲಿತಿದ್ದು. ಅಷ್ಟರ ಮೇಲೆ ಹೇಳ್ತೀನಿ.

ಊರಲ್ಲಿ ನಾವು ಪಟ ಹಾರಿಸೋದು ಆಷಾಢದ ಗಾಳಿಗೆ. ಇಲ್ಲಿ ನಾಗಪುರದಲ್ಲಿ ಸಂಕ್ರಾಂತಿಗೆ. ನಾವು ಎಳ್ಳುಬೆಲ್ಲ ಹಂಚುವ ದಿನ ಇಲ್ಲಿನವರು ತಿಳ್‌ಗುಳ್ ಕೊಟ್ಟು ಮಹಡಿ ಹತ್ತುತ್ತಾರೆ. ಎರಡೂ ಕಡೆ ಕಾಗದದ ಪಟಕ್ಕೆ ಕಡ್ಡಿ ಇರುತ್ತೆ, ಸೂತ್ರ ಇರುತ್ತೆ. ಫಾಯಿಲ್ ಕೈಟ್‌ಗೆ ಕಡ್ಡಿಯೂ ಇಲ್ಲ, ಬಾಲಂಗೋಚಿಯೂ ಇಲ್ಲ. ಬಟ್ಟೆಯ ಗೂಡುಗಳ ಒಳಗೆ ಎದುರುಗಾಳಿ ನುಗ್ಗಿ ಅದನ್ನ ರೆಕ್ಕೆ ಆಕಾರಕ್ಕೆ ತರುತ್ತೆ. 1964ರಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ ಪ್ಯಾರಾಫಾಯಿಲ್‌ನ ವಂಶ ಇದು. ಪ್ಯಾರಾಗ್ಲೈಡರ್ ಕೂಡ ಅದೇ ಮನೆತನ. ಸೂತ್ರ ಮಾತ್ರ ಇಲ್ಲೂ ಇದೆ, ಹತ್ತಾರು ಎಳೆಗಳದ್ದು.

ಮೊದಲು ಗಾತ್ರ. ಎಲ್ಲರೂ ಎಡವೋದು ಇಲ್ಲೇ. ಎಳೆತ ಪಟದ ವಿಸ್ತೀರ್ಣದ ಜೊತೆ ನೇರವಾಗಿ ಏರುತ್ತೆ, ಆದರೆ ಗಾಳಿಯ ವೇಗದ ವರ್ಗದ ಜೊತೆ ಏರುತ್ತೆ. ಗಂಟೆಗೆ 18 ಕಿ.ಮೀ. ಇದ್ದ ಗಾಳಿ 25 ಆಯ್ತು ಅಂದ್ರೆ ಎಳೆತ ಹೆಚ್ಚುಕಡಿಮೆ ಎರಡರಷ್ಟು. 18ಕ್ಕೆ ಸರಿಯಾಗಿದ್ದ 12 ಚದರ ಮೀಟರ್ ಪಟ 25ರಲ್ಲಿ ನಿಮ್ಮನ್ನ ಎಲ್ಲಿಗೆ ಬೇಕಾದರೂ ಎಳೀಬಹುದು. ಜೊತೆಗೆ ಎರಡು ವಿಷಯ. ತಣ್ಣನೆ ಗಾಳಿ ದಟ್ಟ: ಮೈನಸ್ 15ರ ಗಾಳಿ ನಾಗಪುರದ 35 ಡಿಗ್ರಿ ಗಾಳಿಗಿಂತ ಸುಮಾರು ಶೇ. 20ರಷ್ಟು ಭಾರ, ಅಷ್ಟೇ ಹೆಚ್ಚು ಎಳೆತ. ಎತ್ತರದ ಜಾಗದಲ್ಲಿ ಇದು ಉಲ್ಟಾ. ಯೂಟಾದ ಸ್ಕೈಲೈನ್‌ನಂಥ ಕಡೆ, ಸುಮಾರು 3000 ಮೀಟರ್ ಎತ್ತರದಲ್ಲಿ, ಸಮುದ್ರಮಟ್ಟಕ್ಕೆ ಹೋಲಿಸಿದರೆ ಗಾಳಿ ಕಾಲುಭಾಗ ತೆಳು. ಹಾಗಾಗಿ ಮಿನೆಸೋಟದ ಗೆಳೆಯ ಹೇಳಿದ ಸೈಜನ್ನ ಯೂಟಾದವರು ಕಣ್ಣುಮುಚ್ಚಿ ತಗೋಬೇಡಿ. ನೀರಿನ ಮೇಲೆ ಆಡುವವರ ಚಾರ್ಟನ್ನೂ ನಂಬಬೇಡಿ. ಹಿಮಕ್ಕೆ ಘರ್ಷಣೆ ಕಡಿಮೆ, ಅದಕ್ಕಿಂತ ಸಣ್ಣದೇ ಸಾಕು.

ಈಗ ಜಾತಿ. ಓಪನ್ ಸೆಲ್ ಅಂದ್ರೆ ಮುಂಭಾಗದ ಬಾಯಿ ತೆರೆದೇ ಇರುತ್ತೆ, ಬೇಗ ತುಂಬುತ್ತೆ, ಇಳಿಸಿದಾಗ ಬೇಗ ಖಾಲಿಯಾಗುತ್ತೆ. ಓಝೋನ್ ಕಂಪನಿಯ ಆಕ್ಸೆಸ್ ಈ ಥರದ್ದು. ಕ್ಲೋಸ್ಡ್ ಸೆಲ್‌ಗೆ ವಾಲ್ವ್ ಇರುತ್ತೆ, ಒಳಗಿನ ಗಾಳಿ ಹೊರಗೆ ಹೋಗಲ್ಲ. ಫ್ಲೈಸರ್ಫರ್‌ನ ಸೋಲ್, ಓಝೋನ್‌ನ ಕ್ರೋನೋ ಅಂಥವು. ಗಾಳಿ ಹೆಚ್ಚುಕಡಿಮೆ ಆದರೂ ಆಕಾರ ಕೆಡಲ್ಲ, ನೀರಿಗೂ ಆಗುತ್ತೆ. ಆದರೆ ಜೋರು ಗಾಳಿಯಲ್ಲಿ ನೆಲಕ್ಕೆ ಬಂದ ಮೇಲೂ ತುಂಬಿಕೊಂಡೇ ಇರುತ್ತೆ, ಒಬ್ಬರೇ ಇದ್ದಾಗ ಅದನ್ನ ಮಡಿಸೋದು ಕುಸ್ತಿ. ಮೂರನೇದು ಸಿಂಗಲ್ ಸ್ಕಿನ್, ಒಂದೇ ಪದರ ಬಟ್ಟೆ. ಫ್ಲೈಸರ್ಫರ್‌ನ ಪೀಕ್ ಇದಕ್ಕೆ ಹೆಸರುವಾಸಿ. ಹಗುರ, ಬ್ಯಾಗಲ್ಲಿ ಒಂದು ಮೂಲೆ ಸಾಕು, ನಿಧಾನ ಗಾಳಿಗೂ ಏಳುತ್ತೆ. ಜೋರಾದಾಗ ಪಟಪಟ ಬಡಿದುಕೊಳ್ಳುತ್ತೆ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲನೇದು ಓಪನ್ ಸೆಲ್, ಮಧ್ಯಮ ಗಾತ್ರ, 70-75 ಕೆಜಿ ಆಳಿಗೆ 9ರ ಆಸುಪಾಸು. ಅಗಲ ಹೆಚ್ಚು, ಉದ್ದ ಕಡಿಮೆ ಇರುವ ತೆಳ್ಳನೆ ರೇಸ್ ಪಟ ಫೋಟೋದಲ್ಲಿ ಚಂದ. ವೇಗವೂ ಜಾಸ್ತಿ, ಆದರೆ ಗಾಳಿ ಕುಲುಕಿದರೆ ಮೊದಲು ಮಡಚಿಕೊಳ್ಳೋದೂ ಅದೇ. ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಗೋದೂ ಹೆಚ್ಚಾಗಿ ಅಂಥವೇ, ಯಾಕೆ ಅಂತ ಯೋಚಿಸಿ.

ಅಂಗಡಿಯವರನ್ನ ವೇಗದ ಬಗ್ಗೆ ಕೇಳೋಕೆ ಮುಂಚೆ ಇದನ್ನ ಕೇಳಿ: ಇದನ್ನ ಹೇಗೆ ನಿಲ್ಲಿಸೋದು? ಬಾರ್ ದೂರ ತಳ್ಳಿದರೆ ಎಳೆತ ಎಷ್ಟು ಇಳಿಯುತ್ತೆ? ಬ್ರೇಕ್ ಲೈನ್ ಎಳೆದು ಒಬ್ಬರೇ ಇಳಿಸಬಹುದಾ? ಕ್ವಿಕ್ ರಿಲೀಸನ್ನ ದಪ್ಪ ಕೈಗವಸು ಹಾಕಿಕೊಂಡೇ ಒತ್ತಿ ನೋಡಿ. ಮಿಲ್ಲೆ ಲ್ಯಾಕ್ಸ್ ಮೇಲೆ ಚಳಿಗಾಲದಲ್ಲಿ ಮೀನು ಹಿಡಿಯುವವರ ಪುಟ್ಟ ಮನೆಗಳ ಸಾಲೇ ಇರುತ್ತೆ. ಗಾಳಿ ಎದ್ದಾಗ ಅವುಗಳ ಕಡೆ ಜಾರುತ್ತಿದ್ದರೆ ಬೆರಳಿಗೆ ಬೇಕಾಗೋದು ಆ ಒಂದು ಗುಂಡಿ.

ಇನ್ನು ದಾರ. ಇದು ನಾಗಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ನೈಲಾನ್ ಮಾಂಜಾವನ್ನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲೇ ನಿಷೇಧಿಸಿತು. ಆದರೂ ಜನವರಿ ಬಂತು ಅಂದ್ರೆ ನಾವು ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡೇ ಬೈಕ್ ಹತ್ತೋದು. ಕೈಟ್‌ನ ಲೈನ್‌ಗೆ ಗಾಜಿನ ಪುಡಿ ಇಲ್ಲ, ನಿಜ. ಆದರೆ ಡೈನೀಮಾ ಥರದ ಎಳೆ, 20 ಮೀಟರ್ ಉದ್ದ, ಮನುಷ್ಯನನ್ನೇ ಎಳೆಯುವಷ್ಟು ಬಿಗಿ. ಬಿಗಿಯಾದ ಲೈನನ್ನ ಬರಿಗೈಲಿ ಹಿಡೀಬೇಡಿ. ಗಾಳಿ ಹೋಗುವ ದಿಕ್ಕಿನಲ್ಲಿ ಮಕ್ಕಳು, ನಾಯಿ, ಸ್ಕೀಯರ್ ಇದ್ದರೆ ಪಟ ಎಬ್ಬಿಸಲೇಬೇಡಿ. ಸುರಕ್ಷತೆ ಅಂದ ತಕ್ಷಣ ನಮ್ಮ ಹೆಲ್ಮೆಟ್ ಮಾತ್ರ ನೆನಪಾಗುತ್ತೆ. ಪಕ್ಕದಲ್ಲಿ ಹೋಗುವವರ ಕುತ್ತಿಗೆ ನಮ್ಮ ಲೆಕ್ಕದಲ್ಲಿ ಇರಲ್ಲ.

ನಾಗಪುರದಲ್ಲೇ ಅಭ್ಯಾಸ ಶುರು ಮಾಡೋರಿಗೆ: 2-3 ಚದರ ಮೀಟರ್‌ನ ಟ್ರೇನರ್ ಕೈಟ್ ಸಾಕು. ಊರ ಹೊರಗಿನ ಬಯಲು, ಹೊಲದವರ ಒಪ್ಪಿಗೆ, ಕರೆಂಟ್ ತಂತಿ ಇಲ್ಲದ ಜಾಗ. ಮಿಹಾನ್ ಕಡೆ ಬೇಡವೇ ಬೇಡ, ಪಕ್ಕದಲ್ಲೇ ವಿಮಾನ ನಿಲ್ದಾಣ ಇದೆ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಗಾಳಿ ದಿಕ್ಕುದೆಸೆ ಇಲ್ಲದೆ ಬೀಸುತ್ತೆ, ಹಾಗಾಗಿ ಬೆಳಗ್ಗೆ ಬೇಗ ಹೋಗಿ.

ಹಳೇದು ಕೊಳ್ಳುವವರು ಬಟ್ಟೆಗೆ ಬಾಯಿಟ್ಟು ಊದಿ ನೋಡಿ, ಉಸಿರು ಸಲೀಸಾಗಿ ಆಚೆ ಹೋದರೆ ಬಿಟ್ಟುಬಿಡಿ. ಎಡಗಡೆ ಸೂತ್ರದ ಎಳೆಗಳನ್ನ ಬಲಗಡೆಯವಕ್ಕೆ ಒಂದೊಂದಾಗಿ ಹೋಲಿಸಿ, ಉದ್ದದಲ್ಲಿ ವ್ಯತ್ಯಾಸ ಇದ್ದರೆ ಪಟ ಒಂದು ಪಕ್ಕಕ್ಕೆ ಎಳೆಯುತ್ತೆ. ಬೆಲೆ ಚೌಕಾಸಿ ಅದಾದ ಮೇಲೆ. ಪ್ರಶ್ನೆ ಕೇಳುವಾಗ ನಿಮ್ಮ ತೂಕ, ಊರು, ಅಲ್ಲಿನ ಗಾಳಿ, ಇಷ್ಟನ್ನ ಮೊದಲು ಬರೆಯಿರಿ.