ಅರೀಥಾ ಫ್ರಾಂಕ್ಲಿನ್: ಪಿಯಾನೋದ ಮುಂದೆ ಕಳೆದ ಮೊದಲ ವರ್ಷಗಳು

ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಗಾಸ್ಪೆಲ್ ಎಂಬ ಭಕ್ತಿಗಾಯನದ ಕಂಠಶೈಲಿಯು ರಿದಮ್ ಅಂಡ್ ಬ್ಲೂಸ್ ಎಂಬ ಲೌಕಿಕ ಸಂಗೀತದ ಲಯದೊಡನೆ ಕೂಡಿದಾಗ, 1950ರ ದಶಕದಲ್ಲಿ ಸೋಲ್ ಸಂಗೀತ ರೂಪುಗೊಂಡಿತು. ಈ ಪ್ರಕಾರದ ರಾಣಿಯೆಂದೇ ಹೆಸರಾದ ಅರೀಥಾ ಫ್ರಾಂಕ್ಲಿನ್ (1942–2018) ಅವರಿಗೆ ಸಂಗೀತಶಾಲೆಯಾಗಿದ್ದದ್ದು ಸ್ವಂತ ಮನೆಯೇ.

ಮೆಂಫಿಸ್‌ನಲ್ಲಿ ಹುಟ್ಟಿದ ಅರೀಥಾ ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ಅಲ್ಲಿನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾಗಿದ್ದ ತಂದೆ ಸಿ. ಎಲ್. ಫ್ರಾಂಕ್ಲಿನ್ ಅವರ ಪ್ರವಚನಗಳು ಗ್ರಾಮಾಫೋನ್ ತಟ್ಟೆಗಳಾಗಿ ದೂರದೂರದ ಊರುಗಳಿಗೂ ತಲುಪಿದ್ದವು. ಮಾತು ಕಾವೇರುತ್ತ ಹೋಗಿ ತಾನಾಗಿ ರಾಗಕ್ಕೆ ತಿರುಗುವ ಆ ಪ್ರವಚನಶೈಲಿಯನ್ನು ಅರಿಯದೆ ಮಗಳ ಗಾಯನವನ್ನು ಅರಿಯುವುದು ಕಷ್ಟ. ಗಾಯಕಿಯೂ ಪಿಯಾನೋ ವಾದಕಿಯೂ ಆಗಿದ್ದ ತಾಯಿ ಬಾರ್ಬರಾ ಮಗಳಿಗೆ ಹತ್ತು ತುಂಬುವ ಮೊದಲೇ ತೀರಿಕೊಂಡರು. ಆದರೆ ಮಹೇಲಿಯಾ ಜಾಕ್ಸನ್, ಕ್ಲಾರಾ ವಾರ್ಡ್ ಅವರಂತಹ ಗಾಸ್ಪೆಲ್ ದಿಗ್ಗಜರು ಬಂದುಹೋಗುತ್ತಿದ್ದ ಆ ಮನೆಯಲ್ಲಿ ಅರೀಥಾ ಸ್ವರಲಿಪಿಯ ಹಂಗಿಲ್ಲದೆ, ಕೇಳಿ ಕೇಳಿಯೇ ಪಿಯಾನೋ ಕಲಿತರು. ಹದಿನಾಲ್ಕರ ವಯಸ್ಸಿನಲ್ಲಿ, 1956ರಲ್ಲಿ, ತಂದೆಯ ಚರ್ಚಿನಲ್ಲಿಯೇ ಅವರ ಮೊದಲ ಧ್ವನಿಮುದ್ರಣ ನಡೆಯಿತು.

ಜಾಸ್ ಗಾಯಕಿ ಬಿಲ್ಲಿ ಹಾಲಿಡೇ ಅವರನ್ನು ಬೆಳಕಿಗೆ ತಂದಿದ್ದ ನಿರ್ಮಾಪಕ ಜಾನ್ ಹ್ಯಾಮಂಡ್ 1960ರಲ್ಲಿ ಅರೀಥಾ ಅವರನ್ನು ಕೊಲಂಬಿಯಾ ಧ್ವನಿಮುದ್ರಣ ಕಂಪನಿಗೆ ಕರೆತಂದರು. ಅಲ್ಲಿನ ಸುಮಾರು ಆರು ವರ್ಷಗಳ ಜಾಸ್ ಮತ್ತು ರಂಗಗೀತೆಗಳು ತಳ್ಳಿಹಾಕುವಂಥವಲ್ಲ. ಆದರೆ ತಂತಿವಾದ್ಯಗಳ ಅಲಂಕಾರದಲ್ಲಿ ಚರ್ಚಿನ ಕಾವು ತಣ್ಣಗಾಯಿತೆಂಬುದು ನಿಜ.

ಆನಂತರ ಅರೀಥಾ ಸೇರಿದ ಅಟ್ಲಾಂಟಿಕ್ ಕಂಪನಿಯ ನಿರ್ಮಾಪಕ ಜೆರಿ ವೆಕ್ಸ್ಲರ್ 1967ರ ಜನವರಿಯಲ್ಲಿ ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಮಾಡಿದ ಕೆಲಸ ಸರಳವಾದದ್ದು: ಅರೀಥಾ ಅವರನ್ನು ಪಿಯಾನೋದ ಮುಂದೆ ಕೂರಿಸಿ, ಉಳಿದ ವಾದಕರು ಆ ಕೈಯನ್ನೇ ಅನುಸರಿಸುವಂತೆ ಮಾಡಿದರು. ಜಗಳವೆದ್ದು ಕೆಲಸ ಒಂದೇ ದಿನಕ್ಕೆ ನಿಂತುಹೋಯಿತಾದರೂ, ಉಳಿದದ್ದು ನ್ಯೂಯಾರ್ಕ್‌ನಲ್ಲಿ ಪೂರ್ಣಗೊಂಡಿತು. ಫೆಬ್ರವರಿ 14ರಂದು ಅಲ್ಲಿಯೇ ಮುದ್ರಣಗೊಂಡ 'ರೆಸ್ಪೆಕ್ಟ್', ದುಡಿದು ಮನೆಗೆ ಬರುವ ಗಂಡಸು ಗೌರವ ಬೇಡುವ, ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಅವರ 1965ರ ಹಾಡು. ಅರೀಥಾ ಅದನ್ನು ಹೆಣ್ಣಿನ ಹಕ್ಕೊತ್ತಾಯವಾಗಿಸಿದರು. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟದ್ದಕ್ಕೆ ಉಳಿದವರು ದನಿಗೂಡಿಸುವಂತೆ, ಕರೆಗೆ ಓಗೊಡುವ ಚರ್ಚಿನ ಕ್ರಮವೇ ಇಲ್ಲಿಯೂ ಇದೆ, ಓಗೊಡುವವರು ತಂಗಿ ಕ್ಯಾರೊಲಿನ್ ಮತ್ತು ಅಕ್ಕ ಅರ್ಮಾ. ಆ ಅಕ್ಕ ಅದೇ ವರ್ಷ ಮೊದಲು ಹಾಡಿದ 'ಪೀಸ್ ಆಫ್ ಮೈ ಹಾರ್ಟ್' ಮರುವರ್ಷ ಜಾನಿಸ್ ಜಾಪ್ಲಿನ್ ಅವರ ಕಂಠದಲ್ಲಿ ಲೋಕಪ್ರಸಿದ್ಧವಾಯಿತು.